ಕೆಂಪು ಲಿಂಕು, ಹಸಿರು ಲಿಂಕು

ತಿರುಪ್ಪೂರು ಬಟ್ಟೆಗೆ ಬಣ್ಣ ಹಾಕಿಯೇ ಹೊಟ್ಟೆ ಹೊರೆಯುವ ಊರು. ಅಂಥ ಊರಿನ ಬನಿಯನ್ ಕಂಪನಿಗೆ ವೆಬ್‌ಸೈಟ್ ಮಾಡಲು ದಾವಣಗೆರೆಯಿಂದ ಬಂದವಳು ನಾನು. ಯಜಮಾನರೇ ಬಣ್ಣ ತಿಳಿಯದವರಾದರೆ ತಮಾಷೆಗೇನು ಬರ?

ಎಲ್ಲಿ ಒತ್ತೋದು

ಯಜಮಾನರದು ಧಾರಾಪುರಂ ಕಡೆಯ ಹಳೇ ಕನ್ನಡ ಮನೆತನ, 'ಆದರೆ' ಅನ್ನೋ ಕಡೆ ತಮಿಳಿನ 'ಆನಾ' ನುಸುಳುವ ಮಾತು. ಏಜೆಂಟರ ಕಾಟವಿಲ್ಲದೆ ನೇರವಾಗಿ ಹೊರದೇಶದ ಆರ್ಡರ್ ಹಿಡಿಯಬೇಕು ಅನ್ನೋ ಹಟ ಅವರಿಗೆ. ನಾನು ಕಡು ಹಸಿರು ಅಕ್ಷರಗಳ ನಡುವೆ ಕೆಂಪು ಲಿಂಕು ಇಟ್ಟು ಜಂಬದಿಂದ ತೋರಿಸಿದೆ. ಪೂರ್ತಿ ಓದಿದರು.

"ಎಲ್ಲಾ ಚೆನ್ನಾಗದೆ ಅಮ್ಮಾ. ಆನಾ ಎಲ್ಲಿ ಒತ್ತೋದು?"

ಆಮೇಲೆ ಬಟ್ಟೆಯಲ್ಲಿ ಮುರಿದ ಸೂಜಿ ಹುಡುಕುವವರ ಹಾಗೆ ಪ್ರತಿ ಪದದ ಮೇಲೂ ಮೌಸ್ ಆಡಿಸಿದರು. ಲಿಂಕಿನ ಮೇಲೆ ಬಾಣದ ಗುರುತು ಹೋಗಿ ಕೈ ಗುರುತು ಮೂಡಿದಾಗ ಅವರಿಗೆ ಖುಷಿಯೋ ಖುಷಿ, ನನಗೆ ಅಳು. ಕೆಂಪು, ಹಸಿರು ಎರಡೂ ತಮಗೆ ಒಂದೇ ಅಂತ ಆಗ ಬಾಯಿಬಿಟ್ಟರು. ಇದು ಹೊರಗೆ ಗೊತ್ತಾದರೆ ಒಬ್ಬ ಗಿರಾಕಿಯೂ ನಮ್ಮ ಬಟ್ಟೆ ಮುಟ್ಟೋದಿಲ್ಲ, ಯಾರಿಗೂ ಹೇಳಬೇಡ ಅಂತ ಅಂಗಲಾಚಿದರು.

ಗೆರೆ

ಬಣ್ಣ ಕಾಣದವರಿಗೂ ಕಾಣಲಿ ಅಂತ ಪ್ರತಿ ಲಿಂಕಿನ ಕೆಳಗೂ ದಪ್ಪ ಗೆರೆ ಎಳೆದೆ. ಯಜಮಾನರಿಗೆ ಒಂದೇ ನೋಟಕ್ಕೆ ಸಿಕ್ಕಿತು. ಆ ಪುಟದ ಪ್ರಿಂಟನ್ನು ಚೆಕಿಂಗ್ ಮೇಜಿನ ಮೇಲೆ ಮರೆತು ಬಂದೆ. ಅಲ್ಲಿ ಬಟ್ಟೆಯಲ್ಲಿ ಡ್ಯಾಮೇಜ್ ಕಂಡ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯೋದು ರೂಢಿ. ಸಂಜೆ ಚೆಕಿಂಗ್ ಅಕ್ಕ ಹಾಳೆ ಹಿಡಿದು ಬಂದು, ಒಂದೇ ಪೀಸಿನಲ್ಲಿ ಇಷ್ಟೊಂದು ಡ್ಯಾಮೇಜಾ, ಮನೆಗೆ ಹೋಗೋ ಮುಂಚೆ ಎಲ್ಲಾ ಸರಿ ಮಾಡಿಡು ಅಂತ ತಮಿಳಿನಲ್ಲಿ ಬುದ್ಧಿ ಹೇಳಿದಳು. ಹೂಂ ಅಂದೆ, ಇನ್ನೇನು ಮಾಡಲಿ?

ಕೆಮ್ಮು

ವೆಬ್‌ಸೈಟ್ ನೋಡಿಯೇ ಮೊದಲ ಹೊರದೇಶದ ಗಿರಾಕಿ ಬಂದ. ಬಣ್ಣದ ಮಾತು ಬಂದರೆ ಕೆಂಪಿಗೆ ಒಂದು ಸಲ, ಹಸಿರಿಗೆ ಎರಡು ಸಲ ಕೆಮ್ಮಬೇಕು ಅಂತ ಯಜಮಾನರಿಂದ ನನಗೆ ಅಪ್ಪಣೆಯಾಯಿತು.

ಗಿರಾಕಿ ಕೂತವನೇ, ಬೇರೆ ಕಂಪನಿಗಳ ವೆಬ್‌ಸೈಟಿನಲ್ಲಿ ತನಗೆ ಲಿಂಕೇ ಕಾಣಲಿಲ್ಲ, ಕೆಂಪು, ಹಸಿರು ತನಗೆ ಬೇರೆ ಬೇರೆ ಅನ್ನಿಸೋದೇ ಇಲ್ಲ, ಗೆರೆ ಇದ್ದದ್ದು ನಿಮ್ಮದರಲ್ಲಿ ಮಾತ್ರ ಅಂದ. ಯಜಮಾನರು ಎದ್ದು ಅವನನ್ನು ಅಪ್ಪಿಕೊಂಡೇಬಿಟ್ಟರು. ತಾವೂ ಹಾಗೇ ಅಂತ ಹೇಳುವಾಗ ಅವರ ಕಣ್ಣಲ್ಲಿ ನೀರು.

ಆಮೇಲೆ ಇಬ್ಬರೂ ಗಿರಾಕಿ ತಂದ ಬಟ್ಟೆತುಂಡಿನ ಪಕ್ಕ ನಮ್ಮದೊಂದನ್ನು ಇಟ್ಟು, ಕಿಟಕಿ ಬೆಳಕಿಗೆ ಹಿಡಿದು, ಎರಡೂ ಅಚ್ಚು ಒಂದೇ ಬಣ್ಣ ಅಂತ ಆರ್ಡರಿಗೆ ಸಹಿ ಹಾಕಿದರು. ನಾನು ಕೆಮ್ಮಿದೆ, ಕೆಮ್ಮಿದೆ, ಯಾರೂ ಇತ್ತ ತಿರುಗಲಿಲ್ಲ. ಯಜಮಾನರು ನೀರು ತರಿಸಿಕೊಟ್ಟರು.

ಬಟ್ಟೆಗೆ ಬಣ್ಣ ಹಾಕಿಸುವ ನಮ್ಮ ಡೈಯಿಂಗ್ ಮಾಸ್ಟರ್ ಅಲ್ಲೇ ನಿಂತಿದ್ದವರು ನನ್ನ ಹತ್ತಿರ ಸರಿದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು:

"ಅವರದು ಇಟ್ಟಿಗೆ ಕೆಂಪು, ನಮ್ಮದು ಪಾಚಿ ಹಸಿರು. ಈಗ ನಾನು ಯಾವುದು ಹಾಕಲಮ್ಮಾ?"