ಹುಳು ಮನೆಯಲ್ಲಿ ಪ್ರಣಯ

ಪ್ರೀತಿಯ ವಿಷಯದಲ್ಲಿ ವಿರೂಪಾಕ್ಷಿಪುರ ಹೋಬಳಿಯಲ್ಲೇ ನನ್ನಷ್ಟು ತಿಳಿದವರಿಲ್ಲ ಎಂದು ನಂಬಿದ್ದೆ. ಆಧಾರ? ಮೂವತ್ತು ವರ್ಷದ ದಾಂಪತ್ಯ!

ಚನ್ನಪಟ್ಟಣ, ಮಾಗಡಿ, ಕನಕಪುರಗಳಲ್ಲೆಲ್ಲ ಶಾಖೆ ತೆರೆದಿರುವ ಒಂದು ಸೂಪರ್ ಮಾರ್ಕೆಟ್‌ನವರು ಪ್ರಣಯ ಕಾದಂಬರಿ ಮಾಲೆಯೊಂದನ್ನು ಶುರು ಮಾಡಿದ್ದರು. ಅದು ಅವರ ಅಂಗಡಿ ಬಿಟ್ಟರೆ ಬೇರೆಲ್ಲೂ ಸಿಗದು. ಸೋಪಿನ ಪುಡಿಗೂ ಶಾವಿಗೆಗೂ ನಡುವೆ ಜೋಡಿಸಿಟ್ಟಿರುತ್ತಾರೆ. ಈರುಳ್ಳಿಯ ಬೆಲೆಗೇ ಪ್ರೇಮ! ನನ್ನ ಹೆಂಡತಿ ಜಯ ದಿನಸಿಯ ಜೊತೆ ಒಂದೊಂದನ್ನೇ ತಂದು, ಓದಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನ ಯಾವ ಕೆಲಸವನ್ನೂ ಆಕೆ ಇದುವರೆಗೆ ಹೊಗಳಿದ್ದಿಲ್ಲ. ಒಮ್ಮೆಯಾದರೂ ಅವಳಿಂದ ಭೇಷ್ ಅನ್ನಿಸಿಕೊಳ್ಳಬೇಕೆಂಬ ಆಸೆ ನನಗೆ. ಗುಮಾಸ್ತಿಕೆಯಿಂದ ನಿವೃತ್ತನಾಗಿದ್ದೆ, ಬಿಡುವಿತ್ತು. 'ಕುಮಾರಿ ಮಧುಲತಾ' ಎಂಬ ಹೆಸರಿನಲ್ಲಿ ಗುಟ್ಟಾಗಿ ಬರೆದು ಕಳಿಸಿದೆ. ಕುಮಾರಿಗೆ ದಪ್ಪ ಮೀಸೆ ಇರುವುದು ಅವರಿಗೇನು ಗೊತ್ತು!

"ಸ್ಥಳೀಯ ಬದುಕು ಇರಲಿ" ಎಂದಿದ್ದರು. ಮನೆಯ ಹಿತ್ತಿಲಲ್ಲೇ ಜಯ ರೇಷ್ಮೆ ಹುಳು ಸಾಕುತ್ತಾಳೆ. ಅಧ್ಯಯನವೇಕೆ? ಹುಳು ಮನೆಯಲ್ಲೇ ನಾಯಕ ನಾಯಕಿಯರನ್ನು ಭೇಟಿ ಮಾಡಿಸಿದೆ.

ಪುಸ್ತಕ ಬಂತು. ಜಯ ಓದಿದಳು. ನಾನು ಪೇಪರಿನ ಮರೆಯಿಂದ ಅವಳ ಸೆರಗನ್ನೇ ನೋಡುತ್ತಿದ್ದೆ. ಸೆರಗು ಅಲುಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಶಿವಮ್ಮ ಅದೇ ಪುಸ್ತಕ ಹಿಡಿದು ಬಂದರು.

"ಜಯಕ್ಕ, ಇದ್ಯಾವಳೇ ಬರ್ದಿರೋಳು? ಹುಡ್ಗಿ ಸೆಂಟ್ ಹಾಕ್ಕಂಡು ಹುಳದ ಮನೆ ಒಳಕ್ಕೆ ಬತ್ತಾಳಂತೆ! ಹುಳ ಉಳಿತವಾ?"

"ಅದಿರ್ಲಿ, ಹುಳ ಹಣ್ಣಾಗಿ ಗೂಡು ಕಟ್ಟಕ್ಕೆ ನಿಂತಿರೋ ದಿನ ಇಬ್ರೂ ಕೈ ಹಿಡ್ಕಂಡು ನಿಂತವ್ರೆ" ಎಂದಳು ಜಯ. "ಆಯ್ದು ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಬಿಡೋರ್ಯಾರು? ಅವತ್ತು ನಮ್ಗೆ ಉಣ್ಣಕ್ಕೂ ಪುರುಸೊತ್ತಿರಲ್ಲ!"

ನನಗೆ ತಡೆಯಲಾಗಲಿಲ್ಲ. "ಕಥೆ ಅಲ್ವಾ? ಒಸಿ ಕಲ್ಪನೆ ಇರ್ತದೆ."

"ಕಲ್ಪನೆ ಅಂತ ಹುಳಕ್ಕೆ ಗೊತ್ತಾಯ್ತದಾ?" ಎಂದರು ಶಿವಮ್ಮ.

ಸಾಹಿತಿಯ ಸ್ವಾಭಿಮಾನ ಕೆರಳಿತು. ಎದ್ದು ನಿಂತು ಘೋಷಿಸಿದೆ: "ಅದನ್ನು ಬರೆದವನು ನಾನೇ!"

ಶಿವಮ್ಮ ಬಾಯಿಗೆ ಸೆರಗು ಹಿಡಿದರು. ಕೊನೆಗೂ ಸೆರಗು ಮೇಲೇರಿತ್ತು, ನಗು ತಡೆಯಲು!

ಜಯ ಮಾತ್ರ ತಲೆಯೆತ್ತಲಿಲ್ಲ. "ಗೊತ್ತು. ಹನ್ನೆರಡ್ನೇ ಪುಟದಲ್ಲೇ ಗೊತ್ತಾಯ್ತು. ಹುಡ್ಗಿ ಹೊರೆ ಸೊಪ್ಪು ಹೊತ್ಕಂಡು ಬತ್ತಾಳೆ, ಇವ್ನು ಕುರ್ಚೀಲಿ ಕೂತ್ಕಂಡು 'ಪ್ರಿಯೆ, ಒಂದು ಲೋಟ ಕಾಫಿ' ಅಂತಾನೆ. ಅಂಥೋರು ಇಡೀ ತಾಲ್ಲೂಕಿಗೇ ಒಬ್ರು."

ನಾಚಿಕೆಯಾಯಿತು, ನಿಜವಾಗಿಯೂ. ಆ ವಾರ ಹುಳು ಹಣ್ಣಾದಾಗ ಪಂಚೆ ಎತ್ತಿ ಕಟ್ಟಿ ನಾನೂ ಆಯಲು ಇಳಿದೆ. ಕಾಲು ಗಂಟೆಯಲ್ಲಿ ಒಂಬತ್ತು ಹುಳುಗಳ ಪ್ರಾಣ ತೆಗೆದೆ. ಜಯ ನನ್ನ ರಟ್ಟೆ ಹಿಡಿದು ಹೊರಗೆ ಕಳಿಸಿ, ಆಯುವವರಿಗೆಲ್ಲ ಕಾಫಿ ಮಾಡಲು ಹೇಳಿದಳು.

ಮಾಡಿಕೊಟ್ಟೆ. ಜಯ ಒಂದು ಗುಟುಕು ಕುಡಿದು, ನನ್ನತ್ತ ನೋಡಿ, ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ "ಚೆನ್ನಾಗೈತೆ ಕಣ್ರೀ" ಎಂದಳು.

ಕುಮಾರಿ ಮಧುಲತಾಗೆ ಕೊನೆಗೂ ಮೆಚ್ಚುಗೆ ಸಿಕ್ಕಿತು. ಡಿಕಾಕ್ಷನ್ನಿಗೆ!