ಎಂಟು ಕೋಲು, ಒಂದು ತಲೆ

ಜಗಳ ಹುಟ್ಟಿದ್ದು ಗಾಳದ ಕೋಲು ಸಿಕ್ಕಿಸುವ ಸ್ಟ್ಯಾಂಡಿನಿಂದ.

ಮರದ ಮಿಲ್ಲಿನಲ್ಲಿ ಹಲಗೆ ಕೊಯ್ಯುವ ವರ್ಲನ್‌ಗೆ ದೋಣಿಯ ಮೂತಿಗೆ ಎಂಟು ಸ್ಟ್ಯಾಂಡು ಬೇಕಿತ್ತು. ಎಂಟು ಕೋಲು ಜೇಡನ ಕಾಲಿನಂತೆ ಹರಡಿ ನಿಂತರೆ ಕ್ರಾಪಿ ಮೀನು ಎತ್ತ ನುಸುಳಿದರೂ ಒಂದು ಗಾಳಕ್ಕಾದರೂ ಸಿಗಬೇಕು. ಆದರೆ ಟಿಪ್ಪಲೋನಿ ಕೆರೆಯ ದಂಡೆಯಲ್ಲಿ ಬಾಯಿ ಇರುವವರೆಲ್ಲ ಪಂಡಿತರೇ. ಶನಿವಾರ ಬೆಳಿಗ್ಗೆ ಆರಕ್ಕೇ ಅವರೆಲ್ಲ ಕ್ಲೀಟಸನ ಅಂಗಡಿಯಲ್ಲಿ ಕಾಫಿ ಕುಡಿಯುತ್ತ ಸೇರಿದ್ದರು.

“ತಿರುಪು ಬಿಗಿಯೋದು ತಗೋ,” ಎಂದ ಕ್ಲೀಟಸ್. “ಭೂಮಿ ನಡುಗಿದ್ರೂ ಕೋಲು ಅಲ್ಲಾಡಲ್ಲ.”

“ಅಲ್ಲಾಡದ ಕೋಲು ತಗೊಂಡು ಮುದ್ದು ಮಾಡ್ಲಾ? ಕ್ರಾಪಿ ತುಟಿ ಕಾಗದ ಇದ್ದಂಗೆ. ಕಚ್ಚಿದ ಕೂಡ್ಲೇ ಮೆತ್ತಗೆ ಎತ್ಬೇಕು. ನಿನ್ನ ತಿರುಪು ಬಿಚ್ಚೋ ಹೊತ್ಗೆ ಅದು ಮನೆ ಸೇರಿರತ್ತೆ,” ಎಂದ ವರ್ಲನ್.

“ತೆರೆದ ಬಾಯಿಂದು ತಗೋ ಬಾವ,” ಎಂದ ಹಾಯ್ಟ್. ವರ್ಲನ್‌ನ ಹೆಂಡತಿಯ ತಮ್ಮ, ದೋಣಿಯಲ್ಲಿ ಯಾವಾಗಲೂ ಜೊತೆಗಾರ.

“ಹೋದ ವರ್ಷ ಅದರಿಂದ್ಲೇ ನಿನ್ನೆರಡು ಕೋಲು ಕೆರೆ ಪಾಲಾಗಿದ್ದು. ನಿಮ್ಮ ಯಾರ ಸ್ಟ್ಯಾಂಡೂ ಬೇಡ. ನಾನೇ ಮಾಡಿದೀನಿ, ನೋಡಿ!”

ವರ್ಲನ್ ಚೀಲದಿಂದ ಬಿಳಿ ಪೈಪಿನ ಎಂಟು ತುಂಡು ತೆಗೆದು ಮೇಜಿನ ಮೇಲೆ ಸುರಿದ. ಒಂದೊಂದಕ್ಕೂ ಮುಂದುಗಡೆ ಉದ್ದಕ್ಕೆ ಸೀಳು.

“ಇದು ಕಕ್ಕಸಿನ ಪೈಪಲ್ವಾ?” ಎಂದ ಹಾಯ್ಟ್. ಅಂಗಡಿಗೆ ಅಂಗಡಿಯೇ ನಕ್ಕಿತು. “ಇದರ ಹಿಂದೆ ಕೂತು ನಾನು ಮೀನು ಹಿಡಿಯೋದಾ? ನಾನು ಬರಲ್ಲಪ್ಪ!”

“ಬರಬೇಡ! ಇವತ್ತು ನಿಮ್ಮಮ್ಮನ ಹುಟ್ಟುಹಬ್ಬಕ್ಕೆ ಮೂವತ್ತು ಕ್ರಾಪಿ ಒಬ್ಬನೇ ಹಿಡೀತೀನಿ. ಒಂದು ಕಮ್ಮಿ ಆದ್ರೂ ದೋಣಿ ನಿಂದು!”

ಬಾಯಿಂದ ಬಿದ್ದ ಮಾತನ್ನು ಅಂಗಡಿಯವರೆಲ್ಲ ಹೆಕ್ಕಿಕೊಂಡರು.

ಕೆರೆಯ ನಡುವೆ ಮೊದಲ ಮೀನು ಕಚ್ಚಿದಾಗ ಕೋಲು ಪೈಪಿನೊಳಗೆ ಸಿಕ್ಕಿಕೊಂಡಿತು. ವರ್ಲನ್ ಎಳೆದ, ತಿರುಚಿದ, ಬೈದ. ಮೀನು ಹೋಯಿತು. ಚಾಕು ತೆಗೆದು ಸೀಳುಗಳನ್ನು ಅಗಲ ಮಾಡುವಾಗ ಹೆಬ್ಬೆರಳೂ ಸೀಳಿತು. ಕಾಲು ತಾಗಿ ಬಕೆಟ್ಟು ಉರುಳಿ, ಗಾಳಕ್ಕೆ ಚುಚ್ಚಬೇಕಾದ ಮೀನುಮರಿಗಳು ಬೂಟಿನೊಳಗೆ ಈಜಾಡಿದವು. “ಅಲ್ಲೇ ಇರಿ, ಎಲ್ಲಿಗೆ ಹೋಗ್ತೀರಾ!” ಎಂದು ಗದರಿಸಿ, ಬೂಟಿನಿಂದಲೇ ಒಂದೊಂದಾಗಿ ಹೆಕ್ಕಿ ಗಾಳಕ್ಕೆ ಚುಚ್ಚಿದ.

ಆಮೇಲೆ ಕಚ್ಚಿದವು ನೋಡಿ! ಎಂಟೂ ಕೋಲು ಒಟ್ಟಿಗೆ ಬಾಗಿದವು. ಕಾದ ಬಾಣಲೆಯ ಜೋಳದ ಕಾಳಿನಂತೆ ವರ್ಲನ್ ಆ ತುದಿಗೂ ಈ ತುದಿಗೂ ಹಾರಿದ. ಮುಟ್ಟಿದರೆ ಸಾಕು, ಪೈಪಿನಿಂದ ಕೋಲು ಬೆಣ್ಣೆಯಂತೆ ಎದ್ದು ಬರುತ್ತಿತ್ತು. ಮೂರು ಗಂಟೆಗೆ ಮೂವತ್ತು!

ದಡದಲ್ಲಿ ಇಬ್ಬರು ಕಾದಿದ್ದರು. ಒಬ್ಬ ಹಾಯ್ಟ್, ದೋಣಿ ಎಳೆದೊಯ್ಯಲು. ಇನ್ನೊಬ್ಬರು ಕೆರೆಯ ಇನ್‌ಸ್ಪೆಕ್ಟರಮ್ಮ.

“ಎಂಟು ಕೋಲು. ತಲೆ ಒಂದೇ ಕಾಣ್ತಿದೆ,” ಎಂದರು ಆಕೆ. “ಈ ಕೆರೇಲಿ ತಲೆಗೆ ನಾಲ್ಕೇ ಅಂತ ಗೊತ್ತಿಲ್ವಾ?”

ಎಂಟರ ಲೆಕ್ಕ ಇಬ್ಬರಿದ್ದಾಗಿನದು. ಸಿಟ್ಟಿನಲ್ಲಿ ವರ್ಲನ್‌ಗೆ ಅದೇ ಮರೆತುಹೋಗಿತ್ತು.

“ನಾನೂ ದೋಣೀಲಿದ್ದೆ ಮೇಡಂ,” ಹಾಯ್ಟ್ ಜೇನಿನಂಥ ದನಿ ತೆಗೆದ. “ಈಗಷ್ಟೇ ಇಳ್ದೆ. ನಾಲ್ಕು ಕೋಲು ನಂದು.” ಆಮೇಲೆ ಬಾವನ ಕಿವಿಯಲ್ಲಿ, “ಹದಿನೈದು ಮೀನೂ ನಂದೇ.”

ಹೂಂ ಎಂದರೆ ಮೀನು ಹಂಚಿಹೋಗಿ ದೋಣಿ ಹಾಯ್ಟನದು. ಊಹೂಂ ಎಂದರೆ ದಂಡ, ಮೀನೂ ಜಪ್ತಿ.

“ಸುಳ್ಳು!” ವರ್ಲನ್ ಕಿರುಚಿದ. “ಎಂಟೂ ನಂದು, ಮೂವತ್ತೂ ನಂದು! ಬರೀರಿ ಮೇಡಂ. ‘ಒಬ್ಬನೇ’ ಅನ್ನೋದನ್ನ ದಪ್ಪಕ್ಷರದಲ್ಲಿ ಬರೀರಿ!”

“ದಂಡದ ಚೀಟಿ ಕೇಳಿ ಬರೆಸ್ಕೊಂಡೋನು ನೀನೇ ಮೊದಲು ಕಣಯ್ಯಾ,” ಎಂದು ಬರೆದುಕೊಟ್ಟು, ಮೀನಿನ ಪೆಟ್ಟಿಗೆ ಎತ್ತಿಕೊಂಡು ಆಕೆ ಹೊರಟರು.

ಅತ್ತೆಮನೆಯ ಹಿತ್ತಿಲಲ್ಲಿ ಮೀನು ಕರಿಯಲು ಎಣ್ಣೆ ಕಾದಿತ್ತು, ನೆಂಟರು ತಟ್ಟೆ ಹಿಡಿದು ನಿಂತಿದ್ದರು. ವರ್ಲನ್ ಚೀಟಿಯನ್ನು ಅತ್ತೆ ಯೂಲಾ ಕೈಗಿಟ್ಟ. ಆಕೆ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು.

“ಮೂವತ್ತು. ಒಬ್ಬನೇ. ಸರ್ಕಾರದ ಸಹಿ. ಹಾಯ್ಟ್, ದೋಣಿ ಮೇಲಿಂದ ಕೈ ತೆಗಿ!”

ವರ್ಲನ್ ಹುಂಜದಂತೆ ಕೂಗಿದ.

“ಆದ್ರೆ ಅಳಿಯಪ್ಪ, ಈ ಚೀಟೀನ ಹಿಟ್ಟಲ್ಲಿ ಹೊರಳಿಸಿ ಕರೀಲಾ? ನಾಳೆ ಚರ್ಚ್ ಮುಗಿಸ್ಕೊಂಡು ಹೋಗಿ ಮೀನು ತಾ. ನಾಲ್ಕೇ ಕೋಲು ಹಾಕು.”

“ನಾಲ್ಕಾ? ಆ ಕ್ಲೀಟಸ್ ನೋಡಿ ನಗ್ಲಿ ಅಂತಾನಾ? ಯಾರಪ್ಪ ಬಂದ್ರೂ ಸರಿ, ಎಂಟಕ್ಕಿಂತ ಒಂದೂ ಕಮ್ಮಿ ಹಾಕಲ್ಲ ನಾನು!”

ನೆಂಟರು ಚಪ್ಪಾಳೆ ತಟ್ಟಿದರು. ಯೂಲಾ ಮಾತ್ರ ಬೆರಳು ಮಡಚಿ ಲೆಕ್ಕ ಹಾಕಿದಳು.

“ಹಂಗಾದ್ರೆ ಇನ್ನೊಂದು ತಲೆ ಬೇಕಲ್ಲ.”

ಹಿತ್ತಿಲಿನ ಕತ್ತುಗಳೆಲ್ಲ ಹಾಯ್ಟನ ಕಡೆ ತಿರುಗಿದವು. ಹಾಯ್ಟ್ ಅವಸರ ಮಾಡಲಿಲ್ಲ. ನಿಧಾನಕ್ಕೆ ಅಂಗಿ ಸರಿಮಾಡಿಕೊಂಡು, “ದೋಣೀಲಿ ಮುಂದುಗಡೆ ಕುರ್ಚಿ ನನಗಾದ್ರೆ ಬರ್ತೀನಿ,” ಎಂದ.

ಭಾನುವಾರ ಮಧ್ಯಾಹ್ನ ವರ್ಲನ್ ತನ್ನದೇ ದೋಣಿಯ ಹಿಂದುಗಡೆ ಬಕೆಟ್ಟು ಹಿಡಿದು ಕೂತಿದ್ದ. ಮುಂದುಗಡೆ ಹಾಯ್ಟ್ ಪೈಪಿನಿಂದ ಕೋಲು ಮೆತ್ತಗೆ ಎತ್ತಿ ಏಳನೆಯ ಮೀನು ಬಿಡಿಸುತ್ತಿದ್ದ.

“ಪೈಪು ಪರವಾಗಿಲ್ಲ ಬಾವ. ಸ್ವಲ್ಪ ಓರೆಯಾಗಿ ಕೂರಿಸ್ಬೇಕಿತ್ತು.”

“ಬಾಯ್ಮುಚ್ಕೊಂಡು ಹಿಡಿಯೋ!” ಎಂದು ವರ್ಲನ್ ಇಡೀ ಕೆರೆಗೆ ಕೇಳುವಂತೆ ಗುಡುಗಿದ. “ಎಂಟು ಹಾಕಿದೀನಾ ಇಲ್ವಾ?”