ಕಾಂಗರೂ ನೋಡುವ ಮುನ್ನ ಶೂ ಒದರುವುದು

ನಮ್ಮ ಮನೆಯಲ್ಲಿ ಯಾವ ಪ್ರವಾಸಕ್ಕೂ ಮೊದಲು ಹೊರಡುವುದು ಭಯ; ನಾವು ಸಾಮಾನು ಹೊತ್ತು ಅದರ ಹಿಂದೆ ಹೋಗುತ್ತೇವೆ. ಈ ಸಲ ಆಸ್ಟ್ರೇಲಿಯಾ. ಅಲ್ಲಿ ನನ್ನ ಹೆಂಡತಿಯ ಅಣ್ಣನ ಮನೆ ಹತ್ತಿರವೇ ಒಂದು ವನ್ಯಜೀವಿ ಪಾರ್ಕ್ ಇದೆ. ಕಾಂಗರೂಗೆ ಕೈಯಾರೆ ತಿನ್ನಿಸಬೇಕೆಂದು ನಮ್ಮ ಐದು ವರ್ಷದ ಮಗಳ ಹಟ. ಹೆಂಡತಿಯ ಷರತ್ತು ಒಂದೇ: "ಸೇಫ್ ಅಂತ ಗೊತ್ತಾಗೋವರೆಗೂ ಟಿಕೆಟ್ ಇಲ್ಲ."

ಶೂ

ಅಲ್ಲಿ ಜೇಡಗಳು ಶೂ ಒಳಗೆ ಅಡಗಿರುತ್ತವೆಂದು ಅವಳು ಯಾವುದೋ ವಿಡಿಯೊದಲ್ಲಿ ನೋಡಿದಳು. ಮರುದಿನದಿಂದ ಸ್ವೀಡನ್ನಿನ ನಮ್ಮ ಊರು ಎಸ್ಕಿಲ್‌ಸ್ಟುನಾದ ಹಿಮದಲ್ಲೇ ಅಭ್ಯಾಸ ಶುರು. ಯಾರೂ ಒದರದೆ ಶೂ ಹಾಕುವಂತಿಲ್ಲ.

"ಇಲ್ಲಿ ಜೇಡಕ್ಕೂ ಚಳಿ ಕಣೇ," ಎಂದೆ.

"ಅದಕ್ಕೇ ಶೂ ಒಳಗೆ ಬರುತ್ತೆ," ಎಂದಳು.

ಸ್ವಲ್ಪ ದಿನಕ್ಕೆ ಮಗಳ ಡಾಗಿಸ್‌ನಿಂದ, ಅಂದರೆ ಶಿಶುವಿಹಾರದಿಂದ, ಫೋನ್ ಬಂತು. ಅಲ್ಲಿನ ಟೀಚರ್ ಬಹಳ ಮೃದುವಾಗಿ, "ಮನೆಯಲ್ಲಿ ಏನಾದರೂ ತೊಂದರೆ ಇದೆಯೇ?" ಎಂದರು. ನಮ್ಮ ಮಗಳ ಪಾಠ ಕೇಳಿ ಮಕ್ಕಳೆಲ್ಲ ಬೂಟು ಒದರುತ್ತಿದ್ದರಂತೆ. ನಾನು ಜೇಡದ ವಿಷಯ ವಿವರಿಸಿದೆ.

"ಒಳ್ಳೆಯ ಅಭ್ಯಾಸ," ಎಂದರು. "ಜೇಡ ಇನ್ನೂ ಸಿಕ್ಕಿಲ್ಲ. ಹಿಮದಲ್ಲಿ ಜಾರದಿರಲೆಂದು ರಸ್ತೆಗೆ ಹಾಕಿದ ಜಲ್ಲಿ ಮಾತ್ರ ಬೂಟುಗಳಿಂದ ಉದುರಿ ಪೂರ್ತಿ ನಮ್ಮ ನೆಲದ ಮೇಲಿದೆ."

ತಾಲೀಮು

ಕಾಂಗರೂ ಸಿಗದ ಕಾರಣ ಊರಾಚೆಯ ಫಾರ್ಮಿನ ಮೇಕೆಯ ಬಳಿ ಹೋದೆವು. ಮಗಳು ಕ್ಯಾರೆಟ್ ಚಾಚಿದಳು. ಹೆಂಡತಿ ಬಿಸ್ಮಿಲ್ಲಾ ಎಂದು ಮಗಳ ತೋಳು ಹಿಡಿದಳು. ನಾನು ಹೆಂಡತಿಯ ತೋಳು ಹಿಡಿದೆ. ಮೇಕೆ ಕ್ಯಾರೆಟ್ ಬಿಟ್ಟು ಹೆಂಡತಿಯ ಕೈಗವಸು ಎಳೆಯಿತು. ಮಗಳು ಸ್ವೀಡಿಶ್‌ನಲ್ಲಿ "ಇನ್ನೊಂದ್ಸಲ!" ಎಂದು ಚಪ್ಪಾಳೆ ತಟ್ಟಿದಳು.

"ನೋಡಿದ್ರಾ?" ಎಂದಳು ಹೆಂಡತಿ. "ಇದಕ್ಕೆ ಹೊಟ್ಟೇಲಿ ಚೀಲ ಇಲ್ಲ, ಬಚಾವಾದ್ವಿ. ಕಾಂಗರೂ ಆಗಿದ್ರೆ ಕೈಗವಸು ಇಟ್ಕೊಂಡು ಹೊರಟೇ ಹೋಗ್ತಿತ್ತು!"

ಸರ್ಟಿಫಿಕೇಟು

ಕೊನೆಗೆ ಅಣ್ಣನಿಗೇ ಫೋನ್ ಮಾಡಿದಳು. "ಭಾಯಿ, ಆ ಪಾರ್ಕ್ ಸೇಫಾ?"

"ಗೊತ್ತಿಲ್ಲಮ್ಮ. ಇಷ್ಟು ವರ್ಷ ಆಯ್ತು, ನಾವೇ ಹೋಗಿಲ್ಲ. ನಿಮ್ಮ ಭಾಭಿಗೆ ಭಯ. ಅದಕ್ಕೇ ನಾವೇ ಸ್ವೀಡನ್‌ಗೆ ಬರೋಣ ಅಂತಿದ್ವಿ. ಆದ್ರೆ ಅಲ್ಲಿ ಮೂಸ್ ಅಂತ ಕುದುರೆಗಿಂತ ಎತ್ತರದ ಪ್ರಾಣಿ ಕೊಂಬು ಇಟ್ಕೊಂಡು ರೋಡಿಗೇ ಬರುತ್ತಂತಲ್ಲ? ನೀನು ಸೇಫ್ ಅನ್ನೋವರೆಗೂ ನಾವು ಟಿಕೆಟ್ ತಗೊಳ್ಳಲ್ಲ."

ಹೆಂಡತಿಯ ಮುಖ ಕೆಂಪಾಯಿತು. ಸ್ವೀಡನ್ನಿನ ಮಾನ ಈಗ ಅವಳ ಹೆಗಲೇರಿತ್ತು.

"ಮೂಸ್‌ಗೆ ಯಾರಾದ್ರೂ ಹೆದರ್ತಾರಾ ಭಾಯಿ? ಪಾಪದ ಪ್ರಾಣಿ!"

ಆ ಪಾಪದ ಪ್ರಾಣಿಯನ್ನು ಅವಳು ಇದುವರೆಗೆ ಕಂಡಿದ್ದು ರಸ್ತೆ ಬದಿಯ ಎಚ್ಚರಿಕೆ ಫಲಕದಲ್ಲಿ ಮಾತ್ರ.

ಫೋನಿಟ್ಟವಳೇ, "ರೀ, ಟಿಕೆಟ್ ಬುಕ್ ಮಾಡಿ. ಭಾಯಿ-ಭಾಭಿನ ಕೈ ಹಿಡಿದು ಪಾರ್ಕಿಗೆ ಕರ್ಕೊಂಡು ಹೋಗೋಕೆ ಯಾರಾದ್ರೂ ಬೇಕಲ್ಲ," ಎಂದಳು. ಮಗಳು ಕುಣಿದಳು. ಇಬ್ಬರೂ ಶೂ ಒದರದೆಯೇ ಹಾಕಿಕೊಂಡು, ಸುದ್ದಿ ಹೇಳಲು ಪಕ್ಕದ ಮನೆಗೆ ಓಡಿದರು.

ಅವರು ಮರೆಯಾಗುವವರೆಗೆ ಕಾದು, ಬಾಗಿಲು ಹಾಕಿ, ನಾನು ನನ್ನ ಶೂ ಚೆನ್ನಾಗಿ ಒದರಿದೆ.